ಕೀಲಿಕೈ ಪಕ್ಕದ ಮನೆಯಲ್ಲಿದೆ

ಅಮ್ಮತ್ತಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ
ಸಿಲ್ವರ್ ಓಕ್ ಸಾಲು ಹಿಡಿದು ನಡೆದರೆ
ತಗಡಿನ ಹಲಗೆ: ಚಾಪೆಲ್ ನೋಡುವವರು
ಕೀಲಿಕೈ ಕೇಳಿ ಪಡೆಯುವುದು.
ಯಾರನ್ನು ಎಂದು ಬರೆದಿಲ್ಲ.
ಅಲ್ಲಿರುವುದು ಒಂದೇ ಮನೆ.

ಜೆಮೀಮಮ್ಮ ಕೈ ಒರೆಸಿಕೊಂಡು ಬಂದರು,
ಒಲೆಯ ಮೇಲಿನ ಮೊಳೆಯಿಂದ ತೆಗೆದು ಕೊಟ್ಟರು
ಗೇಣುದ್ದದ ಕಬ್ಬಿಣ. ಬೆಚ್ಚಗಿತ್ತು,
ಮೀನು ಹುರಿದ ವಾಸನೆ.
"ನೀವು ನಮ್ಮವರಾ?"
ಅಲ್ಲ ಅಂದೆ.
"ಇರಲಿ. ಬಾಗಿಲು ತುಸು ಎತ್ತಿ ನೂಕಿ."

ಇದೊಂದು ಚಟ ನನಗೆ, ರಜೆ ಸಿಕ್ಕ ಮಂಗಳವಾರ
ದೊರೆಗಳ ಕಾಲದ ಹಳೆಯ ಚರ್ಚು ಹುಡುಕುವುದು.
ಪುಣ್ಯಕ್ಕಲ್ಲ, ಫೋಟೋಕ್ಕಲ್ಲ.
ಜನ ಕೂತು ಎದ್ದುಹೋದ ಮೇಲೆ
ಮರ ಹೇಗಿರುತ್ತದೆ ಎಂದು ನೋಡುವುದಕ್ಕೆ.
ಅಪ್ಪ ಬಡಗಿ. ನಮ್ಮ ಮನೆಯಲ್ಲಿ
ದೇವರ ಮುಖಕ್ಕಿಂತ ಮೊದಲು
ಮಂಟಪದ ಕೂಡುಗೀಲು ನೋಡುತ್ತಿದ್ದೆವು.

ಗೋರಿಗಳ ಮೇಲೆ ಕಾಳುಮೆಣಸು ಹರಡಿತ್ತು.
ಚಪ್ಪಟೆ ಕಲ್ಲು ಒಳ್ಳೆಯ ಕಣ,
ಸಂಜೆ ದಾಟಿದರೂ ಕಾವು ಬಿಡುವುದಿಲ್ಲ.
ಎಡಿತ್ ಎಂಬವಳು, ಎರಡೂವರೆ ವರ್ಷ,
ಜ್ವರ, ಜೂನ್ ತಿಂಗಳು.
ಅವಳ ಹೆಸರಿನ ಗುಳಿಗಳಲ್ಲಿ
ಒಂದೊಂದೇ ಕಾಳು ಕೂತಿತ್ತು.
"ಈ ಮಗುವಿನ ಕಲ್ಲಲ್ಲಿ ಬೇಗ ಒಣಗ್ತದೆ," ಅಂದರು ಜೆಮೀಮಮ್ಮ,
"ಯಾಕೋ ಗೊತ್ತಿಲ್ಲ. ಹೇಳಿಯೇ ಹರಡುವುದು ನಾನು,
ದಿನಾ ಬೆಳಗ್ಗೆ. ಕೇಳದೆ ಹೇಗೆ?"

ಎತ್ತಿ ನೂಕಿದೆ.
ಬಾವಲಿ, ಮೇಣ, ತೇವ ಹಿಡಿದ ಕಾಗದ.
ಹಾಡಿನ ನಂಬರು ತೂಗುಹಾಕುವ ಹಲಗೆಯಲ್ಲಿ
ಯಾವುದೋ ಭಾನುವಾರದ ನೂರ ಅರವತ್ತಾರು
ಇಳಿಸುವವರಿಲ್ಲದೆ ಉಳಿದಿತ್ತು.
ಕಿಟಕಿಯಲ್ಲಿ ಒಬ್ಬ ಸಂತ, ಅವನ ಎಡ ಭುಜವಿದ್ದ ಕಡೆ
ಗೊಬ್ಬರದ ಚೀಲ ಹೊಡೆದಿದ್ದರು.
ಬಿಸಿಲು ಅದರೊಳಗಿಂದಲೂ
ಹಳದಿಯಾಗಿಯೇ ಬೀಳುತ್ತಿತ್ತು.

ಪೆನ್ಸಿಲ್ ಉರುಳಿ ಬೆಂಚಿನಡಿ ಸೇರದಿದ್ದರೆ
ಇಷ್ಟೇ ಬರೆದುಕೊಂಡು ಬರುತ್ತಿದ್ದೆ.
ನೆಲಕ್ಕೆ ಬೆನ್ನು ಕೊಟ್ಟು ಕೈಚಾಚಿದೆ, ಮೇಲೆ ನೋಡಿದೆ.
ಬೀಟೆ ಹಲಗೆಯ ಹೊಟ್ಟೆಯಲ್ಲಿ
ಉಳಿಯಿಂದ ಕೊರೆದ ೪.
ಕಾಲಿನಲ್ಲೂ ೪.
ತೆವಳಿದೆ. ೫ಕ್ಕೆ ೫.
ಮತ್ತೆ ತೆವಳಿದೆ.
೬ರ ಹಲಗೆ ೯ರ ಕಾಲಿಗೆ ಕೂತಿತ್ತು,
ದೀಪದ ಬೆಳಕಲ್ಲಿ ಜೋಡಿಸಿದ್ದಿರಬೇಕು,
ಬಾಲ ಯಾವ ಕಡೆಗೆಂದು ಕಾಣದೆ.
ಎದ್ದು ಕೂತು ನೋಡಿದೆ. ಹೌದು,
ಆ ಬೆಂಚು ಈಗಲೂ ತುಸು ಕುಂಟುತ್ತದೆ.

ಗೋಡೆಯ ಹಿತ್ತಾಳೆಯಲ್ಲಿ ಕರ್ನಲ್, ಪ್ಲಾಂಟರ್, ಪ್ರೀತಿಯ ಪತ್ನಿ.
ಅಷ್ಟು ವರ್ಷ ಮಂಡಿಯೂರಿದರು,
ಅಷ್ಟು ಬಗ್ಗಿದವರು ಇನ್ನೊಂದು ಗೇಣು ಬಗ್ಗಿದ್ದರೆ
ಕನ್ನಡ ಕಾಣುತ್ತಿತ್ತು.
ಅಪ್ಪ ಇದ್ದಿದ್ದರೆ ಇದನ್ನೆಲ್ಲ ಯೋಚಿಸುತ್ತಿರಲಿಲ್ಲ.
ನಾಲ್ಕರ ಕೊರೆತಕ್ಕೆ ಬೆರಳು ಆಡಿಸಿ
"ಎಡಗೈಯವನು" ಅನ್ನುತ್ತಿದ್ದ.

ಕೀಲಿ ಮರಳಿಸುವಾಗ ಕರಿ ಕಾಫಿ, ಬೆಲ್ಲ ಹಾಕಿದ್ದು.
ಹಿಂದೊಮ್ಮೆ ವೇಲ್ಸಿನಿಂದ ಮುದುಕರೊಬ್ಬರು ಬಂದಿದ್ದರಂತೆ,
ಊರೂರಿನ ಚರ್ಚು ನೋಡುತ್ತಲೇ ವಯಸ್ಸಾದವರು.
ಅಲ್ಲೂ ಹೀಗೆಯೇ ಅಂದರಂತೆ:
ದೇವರ ಮನೆಗೆ ಬೀಗ,
ಕೀಲಿ ಪಕ್ಕದವರ ಅಡುಗೆಮನೆಯಲ್ಲಿ.
"ಅವರಿಗೂ ಇದೇ ಲೋಟದಲ್ಲಿ ಕೊಟ್ಟಿದ್ದೆ."

ಭೇಟಿಯವರ ಪುಸ್ತಕ ಮುಂದೆ ಬಂತು.
ಹೆಸರು, ಊರು, ಅಭಿಪ್ರಾಯ.
ಮೇಲಿನವರೆಲ್ಲ ಶಾಂತಿ ಎಂದೇ ಬರೆದಿದ್ದರು
ಬೇರೆ ಬೇರೆ ಶಾಯಿಗಳಲ್ಲಿ.
ನಾನು ಬರೆದೆ:
ಬಲಿಪೀಠದ ಮೇಲೆ ಎರಡು ಹೆಂಚು ಸರಿದಿವೆ.
ಮುಂಗಾರಿಗೆ ಮೊದಲು ಹತ್ತಿಸಿ.
ಹಿಂದಿನಿಂದ ಎರಡನೇ ಬೆಂಚು ಬಿಚ್ಚಿ, ಕಾಲು ಬದಲಿಸಬಹುದು.

ಆಮೇಲೆ ಕೊನೆಯ ಸಾಲನ್ನು ಹೊಡೆದುಹಾಕಿದೆ.